ಶಿವಯ್ಯನ ಬೀಮು, ಕೋಮಲಳ ಸೀಲು

ಸೀಲಿಗಾಗಿ ಬಿಸಿಲಲ್ಲಿ ಕೂತು ಕುಂಡಿ ಕಾಯಿಸಿಕೊಂಡ ಜನ ನಾವು. ಹಕ್ಕುಪತ್ರಕ್ಕೆ ಒಂದು ಸೀಲು, ಸ್ಮಶಾನದ ಜಾಗಕ್ಕೆ ಒಂದು ಸೀಲು, ಬೀದಿಗೆ ನಲ್ಲಿ ಬೇಕು ಅಂದರೆ ಅದಕ್ಕೂ ಒಂದು ಸೀಲು. ಕೊಳ್ಳೇಗಾಲದ ತಾಲ್ಲೂಕು ಕಚೇರಿ ಮುಂದೆ ತಮಟೆ ಬಡಿದಿದ್ದೇವೆ, ಗೇಟಿಗೆ ಬೀಗ ಜಡಿದಿದ್ದೇವೆ, ಪೊಲೀಸ್ ವ್ಯಾನಿನಲ್ಲಿ ಹಾಡು ಹೇಳಿಕೊಂಡು ಹೋಗಿದ್ದೇವೆ. ಸೀಲು ಅನ್ನುವುದು ಯಾವತ್ತೂ ಮೇಜಿನ ಆಚೆ ಬದಿಯಲ್ಲಿರುವ ವಸ್ತು ಅಂತಲೇ ನಮ್ಮ ತಲೆಮಾರು ನಂಬಿತ್ತು. ನಮ್ಮ ಬೀದಿಯ ಶಿವಯ್ಯ ಮೇಸ್ತ್ರಿಯ ಮಗಳು ಕೋಮಲಳ ಕೈಗೆ ಸೀಲು ಬಂತು ಅಂದಾಗ, ಅದನ್ನು ನೋಡಲಿಕ್ಕೆ ಅಂತಲೇ ಅವರ ಮನೆಗೆ ಹೋಗಿದ್ದೆ.

ಬಂಡಳ್ಳಿ ದಾಟಿ ಒಳಕ್ಕೆ ಹೋದರೆ ನಮ್ಮೂರು. ಅವತ್ತು ಆಯುಧಪೂಜೆ. ಶಿವಯ್ಯನ ಕರಣೆ, ತೂಗುಗುಂಡು, ನೀರಿನ ಮಟ್ಟ ನೋಡುವ ಪೈಪು ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು ಸಾಲಾಗಿ ಮಡಗಿದ್ದರು. ಕೊನೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಸೀಲು. ಅವಳ ಅವ್ವ ಚಿಕ್ಕನಿಂಗಮ್ಮ ಅದರ ಅಕ್ಷರದ ಮುಖಕ್ಕೇ ಕುಂಕುಮ ಮೆತ್ತಿಬಿಟ್ಟಿದ್ದಳು.

"ಅವ್ವ, ಅದು ಕಣ್ಣು. ಕಣ್ಗೆ ಯಾರಾದ್ರೂ ಕುಂಕುಮ ಬಳೀತಾರಾ?" ಅಂತ ಕೋಮಲ ಹಳೆ ಬ್ರಷ್ಷಿನಿಂದ ಉಜ್ಜುತ್ತ ಕೂತಿದ್ದಳು.

"ಪ್ರಿಂಟು ಕೆಂಪಗೆ ಬಂದ್ರೆ ಲಕ್ಷಣ ಕಣ್ ಸುಮ್ಕಿರು" ಅಂದಳು ತಾಯಿ.

ಸೀಲಿನಲ್ಲಿ ಇದ್ದದ್ದು ಅವಳ ಹೆಸರು, ಆರ್ಕಿಟೆಕ್ಟ್ ಅನ್ನುವ ಪದ, ಒಂದು ನೋಂದಣಿ ನಂಬರು. ಅಷ್ಟೇ. ಮೈಸೂರಿನಲ್ಲಿ ಐದು ವರ್ಷದ ಓದು, ಬೆಂಗಳೂರಿನ ಆಫೀಸಿನಲ್ಲಿ ತರಬೇತಿ, ಆಮೇಲೆ ದಿಲ್ಲಿಯ ಪರಿಷತ್ತಿನಲ್ಲಿ ನೋಂದಣಿ. ಆ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವ ಹಾಗೇ ಇಲ್ಲವಂತೆ. ಬೀದಿಯವರಿಗೆ ಇದೆಲ್ಲ ಅರ್ಥ ಆಗಲಿಲ್ಲ. "ಎಂಜಿನಿಯರ್ರು ತಾನೆ?" ಅಂತ ಕೇಳುವರು. "ಅಲ್ಲ" ಅಂದರೆ, "ಅಯ್ಯೋ, ಅಷ್ಟು ಓದಿ ಎಂಜಿನಿಯರ್ರು ಆಗ್ನಿಲ್ವಾ?" ಅಂತ ಮರುಕ ಪಡುವರು.

ಬೆಂಗಳೂರಿನ ಆ ಆಫೀಸಿನವರು ಇರು ಅಂದಿದ್ದರಂತೆ. ಇವಳು ವಾಪಸು ಬಂದಳು. ಊರ ಮೇಲಿನ ಪ್ರೀತಿ ಗೀತಿ ಅಂತ ನಾನೇ ಏನೋ ಕಲ್ಪಿಸಿಕೊಂಡು ಕೇಳಿದರೆ, ನನ್ನ ಬಾಯಿ ಮುಚ್ಚಿಸಿದಳು.

"ಅಂಥಾದ್ದೇನೂ ಇಲ್ಲ ದೊಡ್ಡಪ್ಪ. ಅಲ್ಲಿ ಒಂದು ಆಸ್ಪತ್ರೆ ಮೆಟ್ಲು ನಾನು ಬರ್ದೆ. ಹಾಳೆ ಮೇಲೆ ಇನ್ನೊಬ್ರ ಹೆಸ್ರು. ಅದು ತಪ್ಪಲ್ಲ, ಯಾರಾದ್ರೂ ಜಾರಿ ಬಿದ್ರೆ ಉತ್ತರ ಕೊಡೋರು ಅವ್ರೇ ತಾನೆ? ನಂಗೆ ಆ ಉತ್ತರ ಕೊಡೋ ಕೆಲ್ಸ ಬೇಕಾಗಿತ್ತು."

ಉತ್ತರ ಕೊಡುವ ಕೆಲಸ. ನಾವು ಜೀವಮಾನವೆಲ್ಲ ಪ್ರಶ್ನೆ ಕೇಳುವ ಕೆಲಸ ಮಾಡಿದವರು. ಅದು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅವಳ ಆಫೀಸು. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ಮೊದಮೊದಲು ಬಂದವರೆಲ್ಲ ಎಲ್ಲಿಂದಲೋ ಜೆರಾಕ್ಸ್ ಮಾಡಿಸಿದ ಪ್ಲಾನು ಹಿಡಿದು "ಒಂದ್ ಸೀಲ್ ಒಡ್ಕೊಡವ್ವ" ಅನ್ನುವವರೇ. ಹೊಡೆಯುವುದಿಲ್ಲ ಅಂದರೆ ಬೈದು ಹೋಗುವರು. ಯಳಂದೂರಿನ ಶಾಂತಮೂರ್ತಿ ಅನ್ನುವ ವ್ಯಾಪಾರಸ್ಥರು ಒಂದು ಹೆಜ್ಜೆ ಮುಂದೆ. ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಹೋಳಿಗೆ ಊಟ ಹಾಕಿಸಿ, ಆಮೇಲೆ ಬಂದು "ಈಗ ಪ್ಲಾನ್ ಬರ್ಕೊಡಿ" ಅಂದರು.

"ಕೂಸು ತೊಟ್ಲಲ್ಲಿ ಮಲಗಿರುವಾಗ ಬಸುರಿ ಪರೀಕ್ಷೆ ಮಾಡು ಅಂತೀರಲ್ಲ ಸಾ" ಅಂದಳಂತೆ. ಅವರು ಸಿಟ್ಟು ಮಾಡಿಕೊಳ್ಳದೆ ನಕ್ಕರು. ಮುಂದೆ ತಮ್ಮನ ಮನೆ ಕೆಲಸ ಇವಳಿಗೇ ಕೊಟ್ಟರು.

ಹೀಗೆ ಒಂದೊಂದೇ ಕೆಲಸ ಹತ್ತುವ ಹೊತ್ತಿಗೆ ನಮ್ಮ ಬೀದಿಗೆ ಸಮುದಾಯ ಭವನ ಮಂಜೂರಾಯಿತು. ಅದರ ಹಿಂದೆ ಎಷ್ಟು ಧರಣಿ ಇತ್ತು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಮದುವೆಗಳೆಲ್ಲ ಬೀದಿಯ ಚಪ್ಪರದಲ್ಲೇ ಆಗುತ್ತಿದ್ದವು, ಪಕ್ಕದ ಊರಿನ ಕಲ್ಯಾಣಮಂಟಪ ನಾವು ಕೇಳಿದ ದಿನವೆಲ್ಲ ಬೇರೆಯವರಿಗೆ ಬುಕ್ಕಾಗಿರುತ್ತಿತ್ತು, ಅಷ್ಟು ಹೇಳಿದರೆ ಸಾಕು. ಪ್ಲಾನು ಕೋಮಲಳದು, ಕಟ್ಟುವುದು ಅವಳ ಅಪ್ಪ. ಬೀದಿಗೆ ಬೀದಿಯೇ ಮೀಸೆ ತಿರುವಿತು. ಮೈಸೂರಿನ ಎಂಜಿನಿಯರಮ್ಮನೊಬ್ಬರ ಜೊತೆ ಕೂತು ಕಬ್ಬಿಣ, ಕಾಂಕ್ರೀಟಿನ ಲೆಕ್ಕ ಮಾಡಿಸಿ ಪ್ಲಾನು ತಂದಳು. ಉದ್ದನೆಯ ಹಜಾರ. ನಡುವೆ ಉದ್ದಕ್ಕೂ ಒಂದು ಬೀಮು. ಆ ಬೀಮನ್ನು ಹೊರಲಿಕ್ಕೆ ಹಜಾರದ ನಡುವೆ ಎರಡು ಕಂಬ.

ಆ ಎರಡು ಕಂಬವೇ ನಮ್ಮವರಿಗೆ ಮುಳುವಾದದ್ದು.

ನಮ್ಮ ಬೀದಿಯಲ್ಲಿ ನ್ಯಾಯ ಕೂರುವುದಕ್ಕೆ ಒಂದು ಕಟ್ಟಳೆ ಇದೆ. ಯಜಮಾನ ಚೆನ್ನಯ್ಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ, ಕುಲದವರು ಎದುರಿಗೆ. ಮಾತು ಶುರು ಮಾಡುವ ಮೊದಲು ಅವನು "ಮೊಕ ಕಾಣ್ತದಾ?" ಅಂತ ಕೇಳಬೇಕು. ಎಲ್ಲರೂ "ಕಾಣ್ತದೆ" ಅನ್ನಬೇಕು. ಯಜಮಾನನ ಮುಖ ಕಾಣದೆ ಕೂತವನಿಗೆ ಅವತ್ತಿನ ತೀರ್ಮಾನ ತಗಲುವುದಿಲ್ಲ. ಆ ನ್ಯಾಯಗಳೆಲ್ಲ ನ್ಯಾಯವಾಗಿಯೇ ಇದ್ದವು ಅಂತ ಸುಳ್ಳು ಹೇಳಲಾರೆ. ಹೆಂಗಸರು ಹಿಂದೆ, ಚಪ್ಪರದ ಆಚೆ ನಿಂತು ಕೇಳಬೇಕಿತ್ತು. ಅವರನ್ನು ಯಾರೂ ಮುಖ ಕಾಣ್ತದಾ ಅಂತ ಕೇಳುತ್ತಿರಲಿಲ್ಲ. ಆದರೂ ತೀರ್ಮಾನ ತಗಲುತ್ತಿತ್ತು.

ಪಾಯ ಎದ್ದು, ಕಂಬದ ಕಬ್ಬಿಣ ನಿಂತು, ಅದರ ಸುತ್ತ ಹಲಗೆ ಕಟ್ಟಿದ ಮೇಲೆ ಚೆನ್ನಯ್ಯ ಒಂದು ಬೆಳಿಗ್ಗೆ ಬಂದು ತನ್ನ ಜಾಗದಲ್ಲಿ ಟವೆಲ್ಲು ಹಾಸಿ ಕೂತ. ನಮ್ಮ ಸಂಘದ ಕಾರ್ಯದರ್ಶಿ ರಂಗಸ್ವಾಮಿಯನ್ನು ಕಂಬದ ಆಚೆ ಕೂರಿಸಿದ.

"ಲೇ ರಂಗಸ್ವಾಮಿ, ಮೊಕ ಕಾಣ್ತದೇನ್ಲಾ?"

"ಇಲ್ಲ ಕಣಣ್ಣೋ. ನಿನ್ ಮೀಸೆ ಒಂದ್ ಕಡೇದು ಮಾತ್ರ ಕಾಣ್ತದೆ."

"ನೋಡ್ದಾ ಶಿವಯ್ಯ?" ಚೆನ್ನಯ್ಯ ಮೇಸ್ತ್ರಿಯ ಕಡೆ ತಿರುಗಿದ. "ನಾಳೆ ದಂಡ ಆಕುದ್ರೆ ಇವ್ನು ಕಂಬದ ಇಂದೆ ಓಗಿ ಕೂತ್ಕತಾನೆ. ಇಂಥಾ ಕಳ್ರು ಬೀದಿ ತುಂಬ ಅವ್ರೆ. ಕಂಬ ತೆಗಿ."

ಶಿವಯ್ಯ ತಲೆ ಕೆರೆದುಕೊಂಡ. ಮಗಳು ಆ ತಿಂಗಳೆಲ್ಲ ಯಳಂದೂರಿನ ಕಡೆ ಕೆಲಸದಲ್ಲಿದ್ದಳು. ಮೋಲ್ಡು ಹಾಕುವ, ಅಂದರೆ ಸೂರಿಗೆ ಕಾಂಕ್ರೀಟು ತುಂಬುವ, ದಿನ ನಾನು ಬರದೆ ಶುರು ಮಾಡಬೇಡಿ ಅಂತ ಹೇಳಿದ್ದಳು. ಆದರೆ ಮಿಕ್ಸರ್ ಮಿಶಿನ್ನಿನ ಗ್ಯಾಂಗು ಹೇಳಿದ ದಿನಕ್ಕಿಂತ ಮೊದಲೇ ಬಿಡುವಾಗಿ ಬಂತು. ಬಿಟ್ಟರೆ ಹಬ್ಬ ಕಳೆದ ಮೇಲೇ ಸಿಗುವುದು. ಶಿವಯ್ಯ ಕಂಬದ ಕಬ್ಬಿಣ ಕತ್ತರಿಸಿದ. ಬೀಮನ್ನು ಇನ್ನಷ್ಟು ದಪ್ಪ ಮಾಡಿ, ಇನ್ನಷ್ಟು ಕಬ್ಬಿಣ ತುಂಬಿದ. ಬೀದಿಯೆಲ್ಲ ಬಂದು ಬಾಂಡ್ಲಿ ಹೊತ್ತಿತು. ಸಂಜೆ ಬಾಡೂಟ.

ಸೂರಿಗೆ ಆಸರೆಯಾಗಿದ್ದ ಸೆಂಟ್ರಿಂಗಿನ ಹಲಗೆ ಬಿಚ್ಚಿದ ದಿನ ನಾನೂ ಒಳಗೆ ಹೋಗಿ ನಿಂತೆ. ಸುಳ್ಳು ಯಾಕೆ, ಎದೆ ತುಂಬಿತು. ಈ ತುದಿಯಿಂದ ಆ ತುದಿಗೆ ಕಣ್ಣಿಗೆ ಒಂದು ಅಡ್ಡಿಯಿಲ್ಲ. ಬೀದಿಯ ಮಕ್ಕಳು ಒಳಗೆ ಓಡಿ ಓಡಿ ಕೂಗಿ, ತಮ್ಮ ದನಿ ತಿರುಗಿ ಬರುವುದನ್ನು ಕೇಳಿ ಕುಣಿಯುತ್ತಿದ್ದವು.

ಕೋಮಲ ಬಂದದ್ದು ಅವತ್ತೇ. ಬಾಗಿಲಲ್ಲಿ ನಿಂತು ಮೇಲೆ ನೋಡಿದಳು.

"ಮಕ್ಳೆಲ್ಲ ಈಚೆ ಬನ್ನಿ" ಅಂದಳು. ದೊಡ್ಡ ದನಿಯಲ್ಲ. ಆದರೆ ಮಕ್ಕಳು ಆಡುವುದು ಬಿಟ್ಟು ಬಂದವು. ದೊಡ್ಡವರೂ ಬಂದೆವು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಕಂಬ ಎಲ್ಲಪ್ಪ?"

"ಬೇಕಾಗ್ನಿಲ್ಲ ಕಣ್ ಮಗಾ. ಬೀಮು ದಪ್ಪ ಮಾಡಿವ್ನಿ. ಆನೆ ನಿಂತ್ಕಂಡ್ರೂ ತಡೀತದೆ."

"ಆನೆ ಬರದು ಬ್ಯಾಡ. ಅದ್ರ ತೂಕವೇ ಅದಕ್ಕೆ ಜಾಸ್ತಿ ಆಗ್ಬುಟ್ಟದೆ. ಬಿಚ್ಚಿದ ಮರ ಎಲ್ಲ ವಾಪಸ್ ಬೀಮಿನಡೀಗೆ ಕೊಡ್ಸಪ್ಪ. ಈಗ್ಲೇ."

ಬೀದಿಯ ಮುಂದೆ, ಗ್ಯಾಂಗಿನವರ ಮುಂದೆ ಮಗಳು ಹೀಗಂದಳು. ಶಿವಯ್ಯ ಕರಣೆ ಎತ್ತಿಕೊಂಡು ಮನೆಗೆ ಹೋದ. ಗ್ಯಾಂಗಿನವರ ಜೊತೆ ಸೇರಿ ಮರದ ಆಸರೆಗಳನ್ನು ಬೀಮಿನ ಅಡಿಗೆ ಮತ್ತೆ ನಿಲ್ಲಿಸಿದವಳು ಅವಳೇ.

ಭವನ ಪ್ಲಾನಿನ ಪ್ರಕಾರ ಆಗಿದೆ, ಜನ ಕೂರಬಹುದು ಅಂತ ಪ್ಲಾನು ಬರೆದವಳು ಸಹಿ ಹಾಕಿ ಸೀಲು ಒತ್ತಿಕೊಡಬೇಕಿತ್ತು. ಅದಿಲ್ಲದೆ ಕರೆಂಟಿಲ್ಲ, ಉದ್ಘಾಟನೆಯಿಲ್ಲ. ಚೆನ್ನಯ್ಯ, ರಂಗಸ್ವಾಮಿ, ನಾನು ಕೊಳ್ಳೇಗಾಲಕ್ಕೆ ಹೋದೆವು. ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿ ಕೂತೆವು. ಅವಳು ಟೀ ತರಿಸಿದಳು.

ಚೆನ್ನಯ್ಯ ಸುತ್ತು ಬಳಸಲಿಲ್ಲ. "ನಿಮ್ಮಪ್ಪನ ಕೈ ಮೇಲೆ ನಿಂಗೆ ನಂಬ್ಕೆ ಇಲ್ವವ್ವಾ? ಈ ಸೀಮೆಲೆಲ್ಲ ಅವ್ನು ಕಟ್ಟಿರೋ ಮನೆ ಯಾವುದಾದ್ರೂ ಬಿದ್ದದಾ?"

"ಅಪ್ಪನ ಕೈ ಮೇಲೆ ನಂಬ್ಕೆ ಅದೆ ಯಜಮಾನ್ರೆ. ಅವ್ರು ಕಟ್ಟಿದ್ದೆಲ್ಲ ಸಣ್ಣ ಕೋಣೆ ಮನೆ, ನಿಂತವೆ. ಇಷ್ಟುದ್ದದ ಬೀಮಿಗೆ ನಮ್ಮಪ್ಪ ಯಾರು ಅಂತ ಗೊತ್ತಿಲ್ಲ."

ರಂಗಸ್ವಾಮಿಗೆ ರೇಗಿತು. "ನೀನು ಓದಿದ್ದು ಯಾರ ಓರಾಟದಿಂದ? ಆಸ್ಟೆಲ್ ಕೊಡ್ಸಿದ್ದು ಯಾರು? ಈಗ ನಮ್ ಮೇಲೇ ಕಾನೂನು ಮಾತಾಡ್ತೀಯಾ? ನೀನ್ ಆಕ್ದೆ ಓದ್ರೆ ಬುಡು, ಬ್ಯಾರೆಯೋರ ತಾವ ಸೀಲ್ ಒಡಿಸ್ಕತೀವಿ."

ಅವಳು ಟೀ ಲೋಟ ಕೆಳಗಿಟ್ಟಳು. "ಒಡಿಸ್ಕಳಿ ಮಾವ. ಆದ್ರೆ ಬೆಳಿಗ್ಗೆಯೇ ತಾಲ್ಲೂಕಾಫೀಸ್ಗೆ ಬರ್ದು ಕೊಟ್ಟಿವ್ನಿ. ಕಟ್ಟಡ ನನ್ನ ಪ್ಲಾನಿನಂಗಿಲ್ಲ, ಯಾರ್ನೂ ಒಳಗೆ ಬಿಡಬ್ಯಾಡಿ ಅಂತ."

ಚೆನ್ನಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

"ಉದ್ಘಾಟನೆ ದಿನ ಬೀದಿಯೆಲ್ಲ ಒಳಗೆ ಇರ್ತದೆ" ಅಂದಳು ಅವಳು. "ನಮ್ಮವ್ವನೂ ಇರ್ತಾಳೆ. ಸೂರು ಕೆಳಕ್ಕೆ ಬಂದ್ರೆ ನನ್ ಸೀಲಿನ ನಂಬರ್ ಕಿತ್ಕತಾರೆ ಅನ್ನೋದು ದೊಡ್ಡ ಮಾತಲ್ಲ. ಕಿತ್ಕಳಿ. ಸತ್ತೋರ್ಗೆ ಏನಂತ ಉತ್ತರ ಕೊಡ್ಲಿ? ಕಂಬದ ಹಿಂದೆ ಮೊಕ ಕಾಣ್ತಿರ್ನಿಲ್ಲ ಅಂತನಾ?"

ನಾವು ಊರಿಗೆ ತಿರುಗಿ ಬರುವ ಮೊದಲೇ ಜೀಪು ಬಂದು ಹೋಗಿತ್ತು. ಭವನದ ಬಾಗಿಲಿಗೆ ಸರಪಳಿ, ಬೀಗ. ಆ ಬೀಗದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ನಮ್ಮದೊಂದು ಅರ್ಜಿ ಈ ಮೇಜಿನಿಂದ ಆ ಮೇಜಿಗೆ ಹೋಗಲಿಕ್ಕೆ ಮಳೆಗಾಲ ಕಳೆದು ಬೇಸಿಗೆ ಬರುತ್ತಿತ್ತು. ಈ ಹುಡುಗಿಯ ಒಂದು ಹಾಳೆಗೆ ಆಫೀಸೇ ಎದ್ದು ಜೀಪು ಹತ್ತಿ ಓಡಿ ಬಂದಿತ್ತು. ಅವಳು ಕೂಗಲಿಲ್ಲ, ತಮಟೆ ಇಲ್ಲ, ಬ್ಯಾನರಿಲ್ಲ. ಹೆಸರು ಬರೆದಳು, ಪಕ್ಕದಲ್ಲಿ ನಂಬರು ಬರೆದಳು. ಆ ಬಲ ಮೊದಲ ಸಲ ಬಂದು ಬಿದ್ದದ್ದು ನಮ್ಮ ನೆತ್ತಿಯ ಮೇಲೇ. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಇನ್ನೊಂದು ಏನೋ ಇತ್ತು. ದೊಡ್ಡ ನೀರು ಬಾಗಿಲ ತನಕ ಬಂದು ನಿಂತಾಗ ಮೈ ಜುಮ್ ಅನ್ನುತ್ತದಲ್ಲ, ಅಂಥಾದ್ದು.

ಶಿವಯ್ಯನ ಮನೆಯಲ್ಲಿ ಮಾತು ನಿಂತಿತು. ಮಗಳು ವಾರಕ್ಕೊಮ್ಮೆ ಬಂದರೆ ಅಪ್ಪ ತಟ್ಟೆ ತೆಗೆದುಕೊಂಡು ಜಗಲಿಗೆ ಹೋಗುವನು. ಕೆಲಸಕ್ಕೂ ಹೋಗಲಿಲ್ಲ. ಸತ್ತೇಗಾಲದಿಂದ ಒಬ್ಬರು ಮನೆ ಕಟ್ಟಲು ಕರೆಯಲಿಕ್ಕೆ ಬಂದರೆ "ನನ್ ಮಗಳ ಕೇಳ್ಕಂಡು ಬನ್ನಿ, ನಂಗೆ ಗೋಡೆ ಎಬ್ಬುಸಾಕೆ ಬತ್ತದೋ ಇಲ್ವೋ ಅಂತ" ಅಂದು ಕಳಿಸಿದ.

ಚಿಕ್ಕನಿಂಗಮ್ಮ ದಾರಿಯಲ್ಲಿ ನನ್ನನ್ನು ಅಡ್ಡ ಹಾಕಿದಳು. "ಅಪ್ಪಂಗೆ ಬಾಯಿಲ್ಲ, ಮಗಳಿಗೆ ಬಾಯಿಲ್ಲ. ಸಾರು ಉಪ್ಪಾಯ್ತಾ ಸಪ್ಪೆ ಆಯ್ತಾ ಅಂತ ಎಮ್ಮೇನ ಕೇಳ್ಲಾ? ನೀವೆಲ್ಲ ಸೇರ್ಕಂಡು ತಾನೆ ಕಂಬ ಕೀಳ್ಸಿದ್ದು. ಬಂದು ಮಾತಾಡ್ಸಿ."

ನಾನು ಹೋಗಿ ಮಾತಾಡಿಸಿ ಪ್ರಯೋಜನವಾಗಲಿಲ್ಲ. ಮಾತಾಡಿಸಿದ್ದು ಕೊನೆಗೆ ಒಂದು ದಾರ.

ಕೋಮಲ ಒಂದು ಭಾನುವಾರ ಬೀಗ ತೆಗೆಸಿ, ಎಂಜಿನಿಯರಮ್ಮನನ್ನು ಕರೆದುಕೊಂಡು ಬಂದಳು. ಅಪ್ಪನ ಜಗಲಿಗೆ ಹೋಗಿ ನಿಂತು, "ಅಪ್ಪ, ನನ್ ಮಾತು ಕೇಳಬ್ಯಾಡ, ಅವ್ರ ಮಾತೂ ಕೇಳಬ್ಯಾಡ. ನೀನೇ ಬಂದು ದಾರ ಕಟ್ಟು" ಅಂದಳು.

ಅವನು ಎದ್ದ. ಅವನ ಜಾಗದಲ್ಲಿ ಯಾವ ಮೇಸ್ತ್ರಿಯಾದರೂ ಏಳುತ್ತಿದ್ದ. ಏಣಿ ಹಾಕಿ, ಬೀಮಿನ ತಳಕ್ಕೆ ಈ ತುದಿಯಲ್ಲೊಂದು ಆ ತುದಿಯಲ್ಲೊಂದು ಒಂದೇ ದಪ್ಪದ ಮರದ ತುಂಡು ಕೊಟ್ಟು ದಾರ ಬಿಗಿದ. ಅದೇ ದಪ್ಪದ ಮೂರನೆಯ ತುಂಡು ನಡುವೆ ದಾರಕ್ಕೂ ಬೀಮಿಗೂ ಸಂದಿನಲ್ಲಿ ಸಲೀಸಾಗಿ ತೂರಬೇಕು. ಶಿವಯ್ಯ ನಡುವಿಗೆ ಏಣಿ ಸರಿಸಿ ಹತ್ತಿ ತೂರಿಸಲು ನೋಡಿದ. ತೂರಲಿಲ್ಲ. ತಿರುಗಿಸಿ ನೋಡಿದ. ತೂರಲಿಲ್ಲ. ಬೀಮು ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕುಗಳು. ಅವನು ಅದರ ಮೇಲೆ ಬೆರಳಾಡಿಸಿದ. ಇಳಿದು ಬಂದು, ಮರದ ತುಂಡನ್ನು ಮಗಳ ಕೈಗೆ ಕೊಟ್ಟು, ಆಚೆ ಹೋಗಿ ಮರಳಗುಡ್ಡೆಯ ಮೇಲೆ ಕೂತ. ಯಾರೂ ಹತ್ತಿರ ಹೋಗಲಿಲ್ಲ.

ಆ ಹೊತ್ತಿಗೆ ಅವಳು ಗೆದ್ದಿದ್ದಳು. ಕಂಬ ನಿಲ್ಲಿಸಿ, ಸಹಿ ಹಾಕಿ, ಬಸ್ಸು ಹತ್ತಬಹುದಿತ್ತು. ಅವಳು ಚೆನ್ನಯ್ಯನ ಮನೆಗೆ ಹೋದಳು. "ಯಜಮಾನ್ರೆ, ನ್ಯಾಯ ಹೆಂಗೆ ಕೂರ್ತೀರಿ ಅಂತ ಕೂತು ತೋರ್ಸಿ. ಮೊದಲೇ ಕೇಳ್ಬೇಕಿತ್ತು, ಕೇಳ್ನಿಲ್ಲ" ಅಂದಳು.

ಭವನದ ಮುಂದಿನ ಬಯಲಲ್ಲಿ ಬೀದಿ ಬಂದು ಕೂತಿತು. ಹಜಾರದ ಅಳತೆಗೆ ಸುಣ್ಣದಲ್ಲಿ ಗೆರೆ ಎಳೆದಳು. ಕಂಬದ ಜಾಗದಲ್ಲಿ ಎರಡು ಕಡೆ ಜನರನ್ನೇ ನಿಲ್ಲಿಸಿದಳು, ಒಂದು ಕಡೆ ರಂಗಸ್ವಾಮಿ. "ನಾನು ಕಂಬನಾ?" ಅಂತ ಅವನು ಗೊಣಗಿದರೆ, "ಮಾತಾಡೋ ಕಂಬ, ಸುಮ್ಕೆ ನಿಂತ್ಕಳ್ಳಯ್ಯ" ಅಂತ ಹೆಂಗಸರು ನಕ್ಕರು. ಕೋಮಲ ಚೆನ್ನಯ್ಯನನ್ನು ಗೋಡೆಯ ಗೆರೆಯಿಂದ ಎಬ್ಬಿಸಿ ಒಂದೊಂದೇ ಜಾಗದಲ್ಲಿ ಕೂರಿಸುತ್ತ ಬಂದಳು. ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ ಅಂತ ನೋಡಿದಳು. ಕೊನೆಗೆ ಎರಡು ಕಂಬಗಳ ನಟ್ಟನಡುವೆ ಕೂರಿಸಿದಳು. ಎದುರಿಗೆ ಕೂತವರೆಲ್ಲ ಕಂಡರು. ಕಂಬದ ಹಿಂದೆ ಅನ್ನುವ ಜಾಗವೇ ಉಳಿಯಲಿಲ್ಲ.

"ಬೆನ್ನಿಂದೆ ಅರ್ಧ ಅಜಾರ ಖಾಲಿ ಉಳೀತಲ್ಲವ್ವ?" ಅಂದ ಚೆನ್ನಯ್ಯ.

"ಖಾಲಿ ಯಾಕೆ ಬುಡ್ತೀರಿ? ಅವ್ವದಿರು ಆಚೆ ನಿಂತವ್ರಲ್ಲ."

ಚಪ್ಪರದ ಆಚೆ ನಿಂತು ಅಭ್ಯಾಸವಾದ ಹೆಂಗಸರು ಸುಣ್ಣದ ಗೆರೆಯ ಆಚೆಯೇ ನಿಂತಿದ್ದರು. ಚಿಕ್ಕನಿಂಗಮ್ಮ ಮೊದಲು ಗೆರೆ ದಾಟಿ ಬಂದು ಕೂತಳು. ಹಿಂದೆಯೇ ಉಳಿದವರು.

"ಯಜಮಾನ್ರು ಎರಡು ಕಡೆಗೂ ತಿರುಗಿ ಕೇಳ್ಬೇಕಾಯ್ತದೆ, ಅಷ್ಟೇಯ" ಅಂದಳು ಕೋಮಲ.

ಕಂಬ ಕಟ್ಟಿದ್ದು ಶಿವಯ್ಯನೇ. ಯಾರೂ ಕರೆಯದೆ ಬಂದು ಪಾಯ ಬಿಡಿಸಿದ. ಜಾಕಿ ಕೊಟ್ಟು ಬೀಮನ್ನು ಎಷ್ಟು ಏಳುತ್ತದೋ ಅಷ್ಟು ಎತ್ತಿ, ಎಂಜಿನಿಯರಮ್ಮ ಹೇಳಿದಂತೆ ಬಿರುಕು ತುಂಬಿಸಿ, ಕಂಬ ನಿಲ್ಲಿಸಿದ. ಎರಡು ಕಂಬಗಳ ನಡುವೆ ಯಜಮಾನನಿಗೆ ಒಂದು ಗಾರೆಯ ಜಗಲಿ ಕಟ್ಟಿದ, ಎರಡು ಕಡೆಗೂ ಕಾಲು ಬಿಡುವ ಹಾಗೆ. ಮಗಳ ಜೊತೆ ಮಾತಾಡಲಿಲ್ಲ. ಅವಳು ಹೇಳಿದ್ದನ್ನು ಕೇಳಿಸಿಕೊಂಡು ತಲೆ ಆಡಿಸುವನು. ಅಷ್ಟೇ.

ಸಹಿ ಹಾಕುವ ದಿನ ಅವಳು ಮೊದಲು ಜನರನ್ನು ಕೂರಿಸಿದಳು. ಜನ ಕೂತು ನೋಡದೆ ಜನ ಕೂರುವ ಜಾಗ ಸರಿ ಇದೆ ಅಂತ ಹೆಂಗೆ ಬರೆಯಲಿ ಅನ್ನುವುದು ಅವಳ ವಾದ. ಚೆನ್ನಯ್ಯ ಜಗಲಿಯ ಮೇಲೆ ಕೂತು ಗಂಡಸರ ಕಡೆ ಕೇಳಿದ, "ಮೊಕ ಕಾಣ್ತದಾ?"

"ಕಾಣ್ತದೆ" ಅಂತು ಆ ಕಡೆ.

ಆಮೇಲೆ ಅವನು ಜಗಲಿಯ ಮೇಲೆ ಕುಂಡಿ ತಿರುಗಿಸಿ, ಕಾಲು ಈ ಕಡೆ ಬಿಟ್ಟು, ಕೆಮ್ಮಿ, ಟವೆಲ್ಲು ಸರಿ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಹೆಂಗಸರ ಕಡೆ ಕೇಳಿದ. "ಮೊಕ ಕಾಣ್ತದೇನವ್ವ?"

ಚಿಕ್ಕನಿಂಗಮ್ಮ ಸೆರಗು ಹಿಂದಕ್ಕೆ ಸರಿಸಿ ಕತ್ತೆತ್ತಿ ನೋಡಿದಳು. ಆಮೇಲೆ "ಕಾಣ್ತದೆ" ಅನ್ನುವ ಕೂಗು ಎದ್ದಿತು. ಆ ಸೂರಿಗೆ ಬಡಿದು ತಿರುಗಿ ಬಂತು. ಎಷ್ಟೋ ಸಾವಿರ ಜನ ಸೇರಿ ಘೋಷಣೆ ಕೂಗಿದ್ದನ್ನು ಕೇಳಿದ ಕಿವಿ ಇದು. ನನ್ನ ತೋಳಿನ ಕೂದಲು ಎದ್ದು ನಿಂತವು. ಇದನ್ನು ನಾವು ಭಾಷಣದಲ್ಲಿ ಬೇಕಾದಷ್ಟು ಸಲ ಹೇಳಿದ್ದೆವು. ಆ ಹುಡುಗಿ ಎರಡು ಕಂಬದ ಜಾಗ ಬದಲಿಸದೆ, ಕೂರುವ ಜಾಗ ಬದಲಿಸಿ ಮಾಡಿಬಿಟ್ಟಿದ್ದಳು.

ಕೋಮಲ ಹಾಳೆ ತೆಗೆದು ಜಗಲಿಯ ಮೇಲೆ ಇಟ್ಟು ಪೆನ್ನು ತೆರೆದಳು.

"ತಡಿ" ಅಂದ ಶಿವಯ್ಯ. ಎಷ್ಟೋ ದಿನಗಳಾದ ಮೇಲೆ ಅವನು ಮಗಳಿಗೆ ಆಡಿದ ಮೊದಲ ಮಾತು ಅದು. ಏಣಿ ತಂದ. ಕಂಬಕ್ಕೆ ತಗುಲದ ಹಾಗೆ ಬೀಮಿನ ಅಂಚಿಗೆ ದಾರ ಬಿಗಿದ. ಜೇಬಿನಿಂದ ಅದೇ ದಪ್ಪದ ಇನ್ನೊಂದು ತುಂಡು ತೆಗೆದು ಕೈಯಲ್ಲಿ ಹಿಡಿದ. ಅಷ್ಟು ಜನವೂ ಕತ್ತು ಎತ್ತಿ ನೋಡುತ್ತಿತ್ತು. ತುಂಡು ತೂರಿತು. ಬಿಗಿಯಾಗಿ, ದಾರವನ್ನು ಒಂದಿಷ್ಟು ಕೆಳಕ್ಕೆ ತಳ್ಳಿಕೊಂಡು ತೂರಿತು.

"ಇನ್ನೂ ಒಂಚೂರು ಹೊಟ್ಟೆ ಅದೆ" ಅಂದಳು ಕೆಳಗಿನಿಂದ ಮಗಳು.

"ಅದೆ" ಅಂದ. "ಅದು ಓಗಲ್ಲ. ಅದು ನನ್ದು. ಅದ್ನೂ ಬರಿ."

ಅವಳು ಬರೆದಳು. ನಡುವೆ ಬೀಮು ತುಸು ಇಳಿದಿದೆ, ಕಂಬ ಕೊಟ್ಟ ಮೇಲೆ ಅಪಾಯವಿಲ್ಲ, ವರ್ಷ ವರ್ಷ ನೋಡಬೇಕು ಅಂತ. ಬರೆದು ಮುಗಿಸಿ ಮೇಲೆ ನೋಡಿದಳು. ಶಿವಯ್ಯ ಏಣಿಯ ಮೇಲೇ ನಿಂತಿದ್ದ, ಬೀಮಿಗೆ ಅಂಗೈ ಕೊಟ್ಟುಕೊಂಡು.

"ಈಗ ಆಕು ಮಗಾ" ಅಂದ.

ಸಹಿ ಹಾಕಿದಳು. ನಂಬರು ಬರೆದಳು. ಸೀಲು ಒತ್ತಿದಳು. ಪ್ರಿಂಟು ಒಂದು ಮೂಲೆಯಲ್ಲಿ ಇನ್ನೂ ಕೆಂಪಗೆ ಬಂತು.